ಕಾಸರಗೋಡು ಪೇಟೆಯ ಒಂದು ಮದ್ದಿನ ಅಂಗಡಿ: ಬಸುರಿ, ಬಾಣಂತಿಯರು ಓದಿಕೊಂಡು ಹೋಗಿ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಇಷ್ಟೇ ಓದಿದರೂ ಸಾಕು. ಬಾಣಂತನದ ಸಾಮಾನಿಗೆ ಈ ಅಂಗಡಿ ಒಳ್ಳೆಯದು, ಹೋಗಿ. ಬಸುರಿಯಾಗಿರುವಾಗ ಹೋಗುವುದಾದರೆ ಡಾಕ್ಟರ ಚೀಟಿ ಹಿಡಿದುಕೊಂಡೇ ಹೋಗಿ, ಅದೂ ಯಜಮಾನರು ಕೂತಿರುವ ಹೊತ್ತಿಗೆ. ಅವರಿಲ್ಲ, ಹುಡುಗ ಮಾತ್ರ ಇದ್ದಾನೆ ಅಂತಾದರೆ ಪಕ್ಕದಲ್ಲೆಲ್ಲಾದರೂ ಒಂದು ಲಿಂಬೆ ಸೋಡ ಕುಡಿದು ಕಾಯಿರಿ, ಇಲ್ಲವೇ ತಿರುಗಿ ಮನೆಗೆ ಹೋಗಿ.

ಅಂಗಡಿಯ ಹೆಸರು ಬರೆಯುತ್ತಿಲ್ಲ. ದೂರುವ ವಿಷಯ ಒಂದೆರಡು ಉಂಟು, ಹೆಸರು ಹಾಕಿ ದೂರಿದರೆ ನಾಳೆ ಮತ್ತೆ ಅಲ್ಲಿಗೇ ಹೋಗಬೇಕಾದವಳು ನಾನು. ಹಳೆ ಬಸ್ ಸ್ಟ್ಯಾಂಡಿನ ಆಸುಪಾಸಿನದ್ದು ಅಂತ ತಿಳಿದುಕೊಳ್ಳಿ. ಕಾಸರಗೋಡಿರಲಿ, ಕುಂಬಳೆ ಇರಲಿ, ಬದಿಯಡ್ಕ ಇರಲಿ, ಇಂಥ ಅಂಗಡಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಹಾಗಾಗಿ ನೀವು ಯಾವುದಕ್ಕೆ ಹೋದರೂ ಇದು ಉಪಯೋಗಕ್ಕೆ ಬರುತ್ತೆ.

ಒಣ ಬೇರು, ತೊಗಟೆ, ಕಾಯಿ, ಬೀಜ ಎಲ್ಲ ಬಿಡಿಯಾಗಿ ತೂಗಿ ಕೊಡುವ ಅಂಗಡಿ ಇದು. ಹಿಂದಿನ ಗೋಡೆ ತುಂಬ ಮರದ ಡ್ರಾಯರ್‌ಗಳು, ಕೆಲವಕ್ಕೆ ಚೀಟಿ ಅಂಟಿಸಿದೆ, ಹೆಚ್ಚಿನವಕ್ಕೆ ಇಲ್ಲ, ಅವರಿಗೆ ಮಾತ್ರ ಗೊತ್ತು. ಒಂದು ಬದಿಯ ಕಪಾಟಿನಲ್ಲಿ ಕಂಪೆನಿಗಳ ತೈಲ, ಕಷಾಯ, ಅರಿಷ್ಟ, ಲೇಹ್ಯ. ಒಳಗೆ ಕಾಲಿಟ್ಟ ಕೂಡಲೇ ಬಜೆ, ಕರ್ಪೂರ, ಒಣಶುಂಠಿ ಎಲ್ಲ ಸೇರಿದ ಒಂದು ವಾಸನೆ. ಮೊದಲ ಮೂರು ತಿಂಗಳಲ್ಲಿ ನನಗೆ ಅದು ತಡೆಯುತ್ತಿರಲಿಲ್ಲ, ಹೊರಗೆ ಮೆಟ್ಟಿಲಲ್ಲೇ ನಿಂತು ಕೂಗಿ ಹೇಳುತ್ತಿದ್ದೆ. ವಾಂತಿ ಇರುವವರು ಮನೆಯವರನ್ನು ಕಳಿಸುವುದೇ ವಾಸಿ.

ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಎಲ್ಲರಿಗೂ ಅವರು ಮಾಮ್. ಕನ್ನಡ, ತುಳು, ಮಲಯಾಳ, ಕೊಂಕಣಿ ನಾಲ್ಕೂ ಸಲೀಸು. ಇದು ನಮಗೆ ಸಣ್ಣ ವಿಷಯವಲ್ಲ. ಬಾಟಲಿ ಮೇಲೆ ಮಲಯಾಳ, ಇಂಗ್ಲಿಷ್ ಬಿಟ್ಟರೆ ಬೇರೇನೂ ಇರುವುದಿಲ್ಲ, ನನ್ನ ಅತ್ತೆಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ, ಮನೆಯಲ್ಲಿ ಮದ್ದು ಅಳೆದು ಕೊಡುವವರು ಅವರೇ. ಮಾಮ್ ಬಿಳಿ ಸ್ಟಿಕ್ಕರ್ ಮೇಲೆ ಬಾಲ್‌ಪೆನ್ನಿನಲ್ಲಿ ‘ಊಟ ಆಗಿ, ಎರಡು ಹೊತ್ತು’ ಅಂತ ಕನ್ನಡದಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿ ಕೊಡುತ್ತಾರೆ. ‘ಹೊರಗಿಂದ ಹಚ್ಚಲು ಮಾತ್ರ’ ಅನ್ನುವುದನ್ನು ಕೆಂಪು ಪೆನ್ನಿನಲ್ಲಿ. ಕೇಳಬೇಕಾಗಿಲ್ಲ, ಅವರೇ ಬರೆಯುತ್ತಾರೆ.

ನಾನು ಈ ಅಂಗಡಿಯನ್ನು ಮೆಚ್ಚಿಕೊಳ್ಳುವುದು ಅವರು ಏನು ಕೊಡುತ್ತಾರೆ ಅನ್ನುವುದಕ್ಕಿಂತ ಏನು ಕೊಡುವುದಿಲ್ಲ ಅನ್ನುವುದಕ್ಕೆ. ಹೆಂಗಸರು ಯಾರು ಬಂದು ಏನು ಕೇಳಿದರೂ ಮೊದಲ ಪ್ರಶ್ನೆ ಒಂದೇ, “ಇದು ಯಾರಿಗೆ? ಬಸುರಿಗಾ? ಎಷ್ಟನೇ ತಿಂಗಳು?” ಅಂತ. ಆಮೇಲೆ, “ಚೀಟಿ ಉಂಟಾ?” ಒಮ್ಮೆ ನನ್ನ ಅತ್ತಿಗೆಯ ಜೊತೆ ಹೋಗಿದ್ದೆ. ಅವಳಿಗೆ ಐದನೇ ತಿಂಗಳು, ಹೊಟ್ಟೆ ಉಬ್ಬರ ಜಾಸ್ತಿ, ದಶಮೂಲಾರಿಷ್ಟ ಬೇಕಂತೆ, ಅವಳ ಅಮ್ಮ ಹೇಳಿದ್ದಾರಂತೆ. ಮಾಮ್ ಬಾಟಲಿಯನ್ನು ಕಪಾಟಿನಿಂದ ತೆಗೆದರು, ಆದರೆ ಕೈಗೆ ಕೊಡಲಿಲ್ಲ. ತಿರುಗಿಸಿ ಕೆಳಗಿನ ಸಾಲು ತೋರಿಸಿದರು. “ಇದು ಹೆತ್ತ ಮೇಲೆ ಅಮ್ಮ. ಈಗ ಬೇಡ. ಇದರಲ್ಲಿ ಎಂತ ಉಂಟು ನೋಡು.”

ಅರಿಷ್ಟ, ಆಸವ ಅಂದರೆ ಹುದುಗಿಸಿ ಮಾಡಿದ ಮದ್ದು. ಕಷಾಯಕ್ಕೆ ಬೆಲ್ಲ, ತಾತಿರಿ ಹೂ ಎಲ್ಲ ಹಾಕಿ ವಾರಗಟ್ಟಲೆ ಮುಚ್ಚಿಡುತ್ತಾರೆ. ಹುದುಗಿದ ಮೇಲೆ ಅದರಲ್ಲಿ ತನ್ನಷ್ಟಕ್ಕೇ ಆಲ್ಕೋಹಾಲ್ ಆಗುತ್ತೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು, ಬಾಟಲಿ ಮೇಲೆ ಸಣ್ಣಕ್ಷರದಲ್ಲಿ ಬರೆದೇ ಇರುತ್ತೆ. ಬಿಯರ್‌ನಲ್ಲಿ ಇರುವಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಕುಡಿಯುವುದು ಎರಡು ಚಮಚ ಇರಬಹುದು, ಆದರೂ ಬಸುರಿಯರಿಗೆ ಇಷ್ಟು ಆಲ್ಕೋಹಾಲ್ ಆದರೆ ತೊಂದರೆ ಇಲ್ಲ ಅಂತ ಯಾವ ಡಾಕ್ಟರೂ ಗೆರೆ ಹಾಕಿ ಕೊಡುವುದಿಲ್ಲ. ಮನೆಯಲ್ಲಿ ಗಂಡಸರು ಒಂದು ಗುಟುಕು ಕುಡಿದರೆ ರಾದ್ಧಾಂತ ಮಾಡುವ ಅಮ್ಮಂದಿರೇ ಇದನ್ನು ಬಸುರಿ ಮಗಳಿಗೆ ಅಳೆದು ಕೊಡುತ್ತಾರೆ ಅಂದರೆ ನಗು ಬರುತ್ತೆ ಅಲ್ವಾ. ಅತ್ತಿಗೆ ಆವತ್ತು ಜೀರಿಗೆ ಮಾತ್ರ ತೆಗೆದುಕೊಂಡು ಬಂದಳು. ಇಪ್ಪತ್ತು ರೂಪಾಯಿಯ ವ್ಯಾಪಾರ. ಇನ್ನೊಂದು ಅಂಗಡಿಯಾಗಿದ್ದರೆ ದೊಡ್ಡ ಬಾಟಲಿಯೇ ಕಟ್ಟಿ ಕೊಡುತ್ತಿದ್ದರು.

ನನಗೆ ವಾಂತಿ ಸುರುವಾದಾಗಲೂ ಹಾಗೆಯೇ. ನನ್ನವರು ಹೋಗಿ ಏನಾದರೂ ಗುಳಿಗೆ ಕೊಡಿ ಅಂದರೆ, ಹೊದಲು, ಅಂದರೆ ಭತ್ತದ ಅರಳು, ಒಂದು ಕಟ್ಟು, ಒಣಶುಂಠಿ ಒಂದು ತುಂಡು ಕಟ್ಟಿ ಕಳಿಸಿದರು. ಹೊದಲನ್ನು ಬಿಸಿನೀರಿಗೆ ಹಾಕಿ ಸೋಸಿ ಆ ನೀರನ್ನು ಸ್ವಲ್ಪ ಸ್ವಲ್ಪ ಕುಡಿಯಬೇಕು. ಶುಂಠಿಯ ವಿಷಯ ಮಂಗಳೂರಿನ ನನ್ನ ಹೆರಿಗೆ ಡಾಕ್ಟರೂ ಒಪ್ಪಿದರು. ಬಸುರಿ ವಾಂತಿಗೆ ಶುಂಠಿ ಪ್ರಯೋಜನ ಮಾಡುತ್ತೆ ಅಂತ ಇಂಗ್ಲಿಷ್ ಮದ್ದಿನವರೇ ಪರೀಕ್ಷೆ ಮಾಡಿ ನೋಡಿದ್ದಾರಂತೆ, ಒಣಶುಂಠಿ ಪುಡಿಯಾದರೆ ದಿನಕ್ಕೆ 1 ಗ್ರಾಂ ಅಂದಾಜು, ಅದಕ್ಕಿಂತ ಮೇಲೆ ಬೇಡ ಅಂದರು. ಆದರೆ ಕುಡಿದ ನೀರೂ ನಿಲ್ಲದೆ, ಮೂತ್ರ ಕಮ್ಮಿಯಾಗಿ, ತೂಕ ಇಳಿಯುತ್ತಿದ್ದರೆ ಹೊದಲು ನೀರು ಹಿಡಿದುಕೊಂಡು ಮನೆಯಲ್ಲಿ ಕೂರಬೇಡಿ. ಅದಕ್ಕೆ ಡ್ರಿಪ್ ಬೇಕು.

ಈಗ ಕುರುಂತೋಟಿ ವಿಷಯಕ್ಕೆ ಬರೋಣ, ಸಂಸ್ಕೃತದಲ್ಲಿ ಬಲಾ ಅನ್ನುವ ಗಿಡದ ಬೇರು ಅದು. ಈ ಕಡೆ ಬಸುರಿ ಇರುವ ಮನೆಯಲ್ಲೆಲ್ಲ ಕುರುಂತೋಟಿ ಹಾಲು ಕಷಾಯದ ಮಾತು ಬಂದೇ ಬರುತ್ತೆ. ನಮ್ಮ ಪಂಚಾಯತಿನ ಸರಕಾರಿ ಆಯುರ್ವೇದ ಡಿಸ್ಪೆನ್ಸರಿಯ ಡಾಕ್ಟರಮ್ಮ ನನಗೂ ಬರೆದುಕೊಟ್ಟರು, ನನ್ನ ಬಿಪಿ ನೋಡಿ, ಮಂಗಳೂರಿನ ಫೈಲ್ ಪೂರ್ತಿ ತಿರುವಿ ನೋಡಿದ ಮೇಲೆ. ಮದ್ದು ಒಂದು ಪಾಲಾದರೆ ಹಾಲು ಎಂಟು ಪಾಲು, ಹಾಲಿನ ನಾಲ್ಕರಷ್ಟು ನೀರು, ನೀರೆಲ್ಲ ಆರಿ ಹಾಲು ಮಾತ್ರ ಉಳಿಯುವ ತನಕ ಸಣ್ಣ ಉರಿಯಲ್ಲಿ. ಗ್ಯಾಸ್ ಒಲೆಯಲ್ಲಿ ಇಟ್ಟು ಬೇರೆ ಕೆಲಸಕ್ಕೆ ಹೋದಿರೋ, ತಳ ಹಿಡಿಯಿತು ಅಂತಲೇ ಲೆಕ್ಕ.

ಬೇರು ಕೊಡುವಾಗ ಮಾಮ್‌ನ ಕೈ ನೋಡಬೇಕು. ಒಂದು ಕಟ್ಟು ತೆಗೆದು ಮೇಜಿನ ಮೇಲೆ ಬಡಿಯುತ್ತಾರೆ, ಮಣ್ಣು ಉದುರುತ್ತೆ. ಒಂದು ಬೇರನ್ನು ಎಳೆದು ಮುರಿಯುತ್ತಾರೆ, ಅದು ಚಟ್ ಅಂತ ಮುರಿಯಬಾರದು, ನಾರು ನಾರಾಗಿ ಜೋತಾಡಬೇಕು. ಮೂಸಿ ನೋಡುತ್ತಾರೆ. ಬೂಷ್ಟು ಹಿಡಿದ ವಾಸನೆ ಬಂದರೆ ಇಡೀ ಕಟ್ಟನ್ನು ಕಾಲ ಬುಡದ ಬುಟ್ಟಿಗೆ ಹಾಕಿ ಇನ್ನೊಂದು ತೆಗೆಯುತ್ತಾರೆ. ಮಳೆಗಾಲದಲ್ಲಿ ಒಮ್ಮೆ ಸಾಲಾಗಿ ಕಟ್ಟು ಕಟ್ಟು ಬುಟ್ಟಿಗೆ ಹೋದದ್ದನ್ನು ನೋಡಿ ನನಗೇ ಪಾಪ ಅನ್ನಿಸಿತು. ಕೊನೆಗೆ “ಇವತ್ತು ಇಲ್ಲ, ಸೋಮವಾರ ಬಾ” ಅಂದರು. ಆಮೇಲೆ ಕತ್ತರಿಸಿ, ಜಜ್ಜಿ, ದಿನಕ್ಕೆ ಒಂದರಂತೆ ಕಾಗದದ ಪೊಟ್ಟಣ ಮಾಡಿ ಕೊಟ್ಟರು. ಇದಕ್ಕೆ ಬೇರೆ ಕಾಸು ತೆಗೆದುಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಕುರುಂತೋಟಿ ಅಂತ ಪೇಟೆಯಲ್ಲಿ ಬರುವುದು ಒಂದೇ ಗಿಡ ಅಲ್ಲ, ಅದೇ ಜಾತಿಯ ಮೂರ್ನಾಲ್ಕು ಗಿಡಗಳಿವೆ. ಅದರಲ್ಲೊಂದರಲ್ಲಿ ಎಫೆಡ್ರಿನ್ ಅನ್ನುವ ಅಂಶ ಸ್ವಲ್ಪ ಉಂಟು, ಅದು ಬಿಪಿ ಏರಿಸುವಂಥದ್ದು. ತೂಕ ಇಳಿಸಲು ಅಂತ ಮಾರುತ್ತಿದ್ದ, ಎಫೆಡ್ರಿನ್ ಇರುವ ಗಿಡಗಳ ಪುಡಿ, ಗುಳಿಗೆಗಳನ್ನು ಅಮೆರಿಕದಲ್ಲಿ 2004ರಲ್ಲಿ ನಿಷೇಧ ಮಾಡಿದ್ದಾರೆ. ಹೆದರಿಸಲು ಹೇಳುತ್ತಿಲ್ಲ, ಹಾಲಿನಲ್ಲಿ ಕುದಿಸಿದ ಬೇರು ಬೇರೆ, ತೂಕ ಇಳಿಸುವ ಗುಳಿಗೆ ಬೇರೆ. ಆದರೆ ಬಿಪಿ ಇರುವವರು ಪಕ್ಕದ ಮನೆಯವರು ಕುಡಿದರಂತೆ ಅಂತ ತಾವೂ ಸುರು ಮಾಡುವ ಮದ್ದಲ್ಲ ಇದು.

ಮಲಬದ್ಧತೆಗೆ ಅಂತ ಹೋದರೆ ಮಾಮ್ ಇಸಬ್‌ಗೋಲ್ ಕೊಡುತ್ತಾರೆ, ನೀರು ಜಾಸ್ತಿ ಕುಡಿಯಲು ಹೇಳುತ್ತಾರೆ. ಸೋನಾಮುಖಿ ಕೇಳಿದರೆ ಇಲ್ಲ ಅನ್ನುತ್ತಾರೆ, ಡ್ರಾಯರ್‌ನಲ್ಲಿ ಇದ್ದರೂ. ಲೋಳೆಸರದ ರಸವೂ ಅಷ್ಟೇ, ಮುಖಕ್ಕೆ ಹಚ್ಚಲು ಅಂದರೆ ಮಾತ್ರ. ಹರಳೆಣ್ಣೆ ಕುಡಿಸಿದರೆ ಹೆರಿಗೆ ಬೇಗ ಆಗುತ್ತೆ ಅಂತ ಹಳೆಯ ಲೆಕ್ಕ ಒಂದಿದೆಯಲ್ಲ, ಅದರ ಬಗ್ಗೆ ಅವರ ಮಾತು, “ಬೇನೆ ಬರ್ತದೆ, ಭೇದಿಯೂ ಬರ್ತದೆ, ಎರಡೂ ಒಟ್ಟಿಗೆ ಬಂದರೆ ಹೆರುವವಳ ಗತಿ ಎಂತ?” ಅಂತ. ನಗುತ್ತಾ ಹೇಳಿದರೂ ಮಾತು ಸರಿ.

ಇಷ್ಟೆಲ್ಲ ಮಾಮ್ ಇರುವಾಗಿನ ಕಥೆ. ಮಧ್ಯಾಹ್ನ ಅವರು ಊಟಕ್ಕೆ ಹೋಗಿ ಮಲಗಿ ಬರುವ ತನಕ ಅಂಗಡಿ ಹುಡುಗನ ಕೈಯಲ್ಲಿ. ಹುಡುಗ ಮರ್ಯಾದೆಯವನೇ, ಆದರೆ ಕೇಳಿದ್ದನ್ನು ಕೊಡುತ್ತಾನೆ. ಕೇಳದ್ದನ್ನೂ ಕೊಡುತ್ತಾನೆ. ನನ್ನ ನಾದಿನಿಗೆ ಬಸುರಿನಲ್ಲಿ ಬಿಪಿ ಇತ್ತು, ಮಾತ್ರೆ ನಡೆಯುತ್ತಿತ್ತು. ಕೆಮ್ಮು ಅಂತ ಹೋದವಳಿಗೆ ಜೇಷ್ಠಮಧು ಕೈ ತುಂಬ ಕೊಟ್ಟು, ಬಾಯಲ್ಲಿ ಇಟ್ಟುಕೊಂಡೇ ಇರಿ ಅಂದನಂತೆ. ಜೇಷ್ಠಮಧು ದಿನಾ ಜಗಿದರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ, ಇದು ಗೊತ್ತಿರುವ ವಿಷಯ. ಹಳೆಯ ಶಾಸ್ತ್ರದಲ್ಲೇ ಬಸುರಿಯ ಮೊದಲ ತಿಂಗಳ ಮದ್ದಿನಲ್ಲಿ ಜೇಷ್ಠಮಧು ಬರುತ್ತೆ ಅಂತ ವಾದ ಮಾಡುವವರಿದ್ದಾರೆ. ಬರುತ್ತೆ ನಿಜ. ಬಿಪಿ ಅಳೆಯುವ ಯಂತ್ರ ಇಲ್ಲದ ಕಾಲದಲ್ಲಿ ಬರೆದ ಪಟ್ಟಿ ಅದು, ಅದನ್ನೂ ನೆನಪಿಟ್ಟುಕೊಳ್ಳಬೇಕಲ್ವಾ. ಪುಣ್ಯಕ್ಕೆ ನಾದಿನಿ ಡಾಕ್ಟರಲ್ಲಿ ಕೇಳಿದಳು, ಅವರು ಬಿಸಾಡಲು ಹೇಳಿದರು.

ಎರಡನೇ ದೂರು ಇನ್ನೂ ದೊಡ್ಡದು. ಮೇಜಿನ ಕೆಳಗಿನ ತಟ್ಟಿನಲ್ಲಿ ಒಂದು ಬೂದು ಬಣ್ಣದ ಪುಡಿ ಇಟ್ಟಿರುತ್ತಾರೆ, ಪಾರದರ್ಶಕ ಪ್ಲಾಸ್ಟಿಕ್ ತೊಟ್ಟೆ, ಬಾಯಿಗೆ ಸ್ಟೇಪ್ಲರ್ ಪಿನ್. ‘ಗರ್ಭಿಣಿ ರಕ್ಷಾ’ ಅಂತ ಜೆರಾಕ್ಸ್ ಚೀಟಿ, ಒಂದು ಮೊಬೈಲ್ ನಂಬರ್. ಅಷ್ಟೇ. ಏನೇನು ಹಾಕಿದ್ದಾರೆ, ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಒಂದೂ ಇಲ್ಲ. ಹುಡುಗ ಅದನ್ನು ನನ್ನ ಅತ್ತೆಗೆ, ಮಗು ಗಟ್ಟಿಮುಟ್ಟಾಗುತ್ತೆ ಅಂತ ಹೇಳಿ ಮುನ್ನೂರು ರೂಪಾಯಿಗೆ ಕೊಟ್ಟ. ನಾನು ಅದನ್ನು ಹಾಗೆಯೇ ಡಿಸ್ಪೆನ್ಸರಿಗೆ ತೆಗೆದುಕೊಂಡು ಹೋದೆ. ಡಾಕ್ಟರಮ್ಮ ಬಿಡಿಸಿಯೂ ನೋಡಲಿಲ್ಲ. “ಇದರ ಹೆಸರು ಗೊತ್ತಿಲ್ಲದ ಮೇಲೆ ನಾನೆಂತ ಹೇಳಲಿ, ಮುಟ್ಟಬೇಡಿ” ಅಂದರು. ಆಯುರ್ವೇದದವರೇ ಹೀಗಂದದ್ದು ಒಳ್ಳೆಯದಾಯ್ತು. ಮಂಗಳೂರಿನ ಡಾಕ್ಟರು ಅಂದಿದ್ದರೆ, ಅವರಿಗೆ ನಮ್ಮ ಮದ್ದು ಕಂಡರಾಗುವುದಿಲ್ಲ ಅಂತ ಅತ್ತೆ ತಳ್ಳಿಹಾಕುತ್ತಿದ್ದರು.

ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ, ಇಂಗ್ಲಿಷ್ ಮದ್ದು ಮಾರಲು ಲೈಸನ್ಸ್ ಬೇಕು, ಫಾರ್ಮಸಿಸ್ಟ್ ಬೇಕು. ಆಯುರ್ವೇದ ಮದ್ದು ಮಾರುವುದಕ್ಕೆ ನಮ್ಮ ದೇಶದಲ್ಲಿ ಅಂಥ ಔಷಧ ಲೈಸನ್ಸ್ ಬೇಕಾಗಿಲ್ಲ. ಯಾರು ಬೇಕಾದರೂ ಅಂಗಡಿ ಇಡಬಹುದು. ಆದರೆ ತಯಾರು ಮಾಡಿ ಮಾರುವವರಿಗೆ ಲೈಸನ್ಸ್ ಬೇಕೇ ಬೇಕು, ಲೇಬಲ್ ಮೇಲೆ ಆ ಲೈಸನ್ಸ್ ನಂಬರ್, ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್, ತಯಾರಾದ ದಿನ, ಒಳಗೆ ಹಾಕಿದ ವಸ್ತುಗಳ ಪಟ್ಟಿ ಇರಬೇಕು. ಅಂದರೆ ಅಂಗಡಿಯನ್ನು ಯಾರೂ ಕಾಯುವುದಿಲ್ಲ, ಲೇಬಲ್ ಒಂದೇ ನಮ್ಮ ಕಾವಲು. ಅದೂ ಇಲ್ಲದ ಪೊಟ್ಟಣವನ್ನು ಬಸುರಿ ತಿನ್ನುವುದು ಅಂದರೆ ಏನು ಹೇಳುವುದು.

ಹೆದರಿಕೆ ಯಾಕೆ ಅಂತ ಕೇಳುವವರಿಗೆ ಒಂದು ನಡೆದ ವಿಷಯ. 2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ 6 ಬಸುರಿಯರ ರಕ್ತದಲ್ಲಿ ಸೀಸದ ಅಂಶ ಮಿತಿ ಮೀರಿ ಸಿಕ್ಕಿತು. ಮೂಲ ಹುಡುಕಿದರೆ ಎಲ್ಲರೂ ಇಂಡಿಯಾದಿಂದ ಬಂದ ಆಯುರ್ವೇದ ಮಾತ್ರೆ ತಿನ್ನುತ್ತಿದ್ದವರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ಇದನ್ನು ಪ್ರಕಟಿಸಿತು. ಅದಕ್ಕೂ ಮೊದಲು, 2004ರಲ್ಲಿ, ಬೋಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ ದಕ್ಷಿಣ ಏಷ್ಯಾದ 70 ಆಯುರ್ವೇದ ಮದ್ದುಗಳನ್ನು ಪರೀಕ್ಷೆ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ತಾಯಿಯ ರಕ್ತದಿಂದ ಮಗುವಿಗೆ ನೇರ ಹೋಗುತ್ತೆ, ಮಗುವಿನ ಮೆದುಳಿಗೆ ಪೆಟ್ಟು ಅದು. ಬೇರು ತೊಗಟೆಯ ಕಷಾಯದಲ್ಲಿ ಇದರ ಭಯ ಕಮ್ಮಿ. ಭಸ್ಮ, ರಸ, ಸಿಂಧೂರ ಅಂತ ಹೆಸರಿರುವವು ಲೋಹ ಹಾಕಿ ಮಾಡುವ ಮದ್ದುಗಳು, ಅವುಗಳ ಹತ್ತಿರ ಬಸುರಿಯರು ಹೋಗುವುದೇ ಬೇಡ. ಹೆಸರೇ ಇಲ್ಲದ ಬೂದು ಪುಡಿಯಲ್ಲಿ ಯಾವುದುಂಟು ಅಂತ ದೇವರಿಗೇ ಗೊತ್ತು.

ಪೊಟ್ಟಣ ತಿರುಗಿ ಕೊಟ್ಟಾಗ ಮಾಮ್ ಮಾತಿಲ್ಲದೆ ದುಡ್ಡು ವಾಪಸ್ ಕೊಟ್ಟರು. ಪರಿಚಯದವನೊಬ್ಬ ಇಟ್ಟು ಹೋಗಿದ್ದಾನೆ, ಮಾರಿ ಕೊಡು ಅಂದಿದ್ದಾನೆ, ಅಂದರು. ಇನ್ನು ಇಡುವುದಿಲ್ಲ ಅಂತಲೂ ಅಂದರು. ಕಳೆದ ವಾರ ಹೋದಾಗ ಅದೇ ತೊಟ್ಟೆ ಅದೇ ತಟ್ಟಿನಲ್ಲಿ ಕಂಡಿತು. ಇದಕ್ಕೇ ನನ್ನ ಲೆಕ್ಕದಲ್ಲಿ ಅಂಗಡಿಗೆ ಐದಕ್ಕೆ ಮೂರೂವರೆ ಮಾತ್ರ. ಅಷ್ಟು ಗಟ್ಟಿಯಾಗಿ ದಶಮೂಲಾರಿಷ್ಟ ಬೇಡ ಅನ್ನುವ ಮನುಷ್ಯನಿಗೆ ಪರಿಚಯದವನಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ ನೋಡಿ.

ಗಂಡು ಮಗುವಿನ ಮದ್ದು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ನನ್ನೆದುರೇ ಒಬ್ಬರು ಅಜ್ಜಿ, ಸೊಸೆಗೆ ಎರಡು ಹೆಣ್ಣಾಗಿದೆ, ಶಿವಲಿಂಗಿ ಬೀಜ ಬೇಕು ಅಂದರು. ಮಾಮ್ ಕೊಡಲಿಲ್ಲ, “ಅಮ್ಮಾ, ನನ್ನನ್ನು ಜೈಲಿಗೆ ಕಳಿಸ್ತೀರಾ?” ಅಂದರು. ಹೊಟ್ಟೆಯಲ್ಲಿರುವ ಮಗುವಿನ ಲಿಂಗ ಪತ್ತೆ ಮಾಡುವುದನ್ನು ತಡೆಯುವ 1994ರ ಕಾಯ್ದೆ ಇರುವುದು ಸ್ಕ್ಯಾನಿಂಗ್‌ನವರಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ. 2003ರ ತಿದ್ದುಪಡಿ ಆದ ಮೇಲೆ ಗರ್ಭ ಧರಿಸುವ ಮೊದಲಾಗಲಿ ಆಮೇಲಾಗಲಿ ಲಿಂಗ ಆಯ್ಕೆಯೇ ಅಪರಾಧ. ಹಾಗೂ ಮದ್ದು ಕೊಡುವ ಹೊತ್ತಿಗೆ ಮಗು ಗಂಡೋ ಹೆಣ್ಣೋ ಅನ್ನುವುದು ಆಗಲೇ ತೀರ್ಮಾನ ಆಗಿರುತ್ತೆ, ಯಾವ ಬೀಜ ನುಂಗಿದರೂ ಬದಲಾಗುವುದಿಲ್ಲ. ಬೆಳೆಯುವ ಮಗುವಿಗೆ ತೊಂದರೆ ಆದರೆ ಮಾತ್ರ ಆದೀತು.

ಕೇಸರಿ ಇಲ್ಲಿ ಸಿಗುತ್ತೆ, 1 ಗ್ರಾಂನ ಸಣ್ಣ ಡಬ್ಬಿ, ಸೀಮಂತದ ಸೀಸನ್‌ನಲ್ಲಿ ಭಾರೀ ಖರ್ಚು. ನೀರಿಗೆ ಹಾಕಿದ ಕೂಡಲೇ ಕೆಂಪು ಬಿಟ್ಟು ಎಳೆ ಬೆಳ್ಳಗಾದರೆ ನಕಲಿ, ನಿಧಾನ ಹಳದಿ ಬಿಟ್ಟು ಎಳೆ ಕೆಂಪಾಗಿಯೇ ಉಳಿದರೆ ಅಸಲಿ. ಇವರಲ್ಲಿನದ್ದು ಅಸಲಿ. ಮಗು ಬೆಳ್ಳಗಾಗುತ್ತೆ ಅನ್ನುವುದು ಸುಮ್ನೆ ಮಾತು, ಹಾಲಿಗೆ ಪರಿಮಳಕ್ಕೆ ಎರಡೆಳೆ ಹಾಕಿ ಕುಡಿದರೆ ಅಡ್ಡಿ ಇಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಬಿಳಿ ಅಂತ ಚಮಚಗಟ್ಟಲೆ ಹಾಕುವವರು ಇದ್ದರೆ ತಡೆಯಿರಿ, ಗ್ರಾಂಗಟ್ಟಲೆ ಕೇಸರಿ ಬಸುರಿಗೆ ಅಪಾಯ.

ಮತ್ತೆ ಒಂದು ಮಾತು ಅಂಗಡಿಗೆ ಸಂಬಂಧ ಇಲ್ಲದಿದ್ದರೂ ಹೇಳಲೇಬೇಕು. ಕಷಾಯ ಕುಡಿಯುತ್ತೇನಲ್ಲ ಅಂತ ಆಶಾ ವರ್ಕರ್ ಕೊಡುವ ಕೆಂಪು ಮಾತ್ರೆ ಬಿಡುವವರು ಬಹಳ. ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫಾಲಿಕ್ ಆಸಿಡ್ ಉಂಟು. ಅದನ್ನು ಯಾವ ಬೇರೂ ಕೊಡುವುದಿಲ್ಲ. ಹಾಲು, ಚಹಾ, ಹಾಲು ಕಷಾಯ ಯಾವುದರ ಜೊತೆಗೂ ಅದನ್ನು ನುಂಗಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಾನು ಹಾಲು ಕಷಾಯ ಬೆಳಿಗ್ಗೆ, ಕೆಂಪು ಮಾತ್ರೆ ರಾತ್ರಿ ಅಂತ ಇಟ್ಟುಕೊಂಡಿದ್ದೆ. ಮತ್ತು ಕುಡಿಯುವುದನ್ನೆಲ್ಲ ಎರಡೂ ಕಡೆಯ ಡಾಕ್ಟರಿಗೆ ಹೇಳಿದ್ದೆ. ಬೈಯುತ್ತಾರೆ ಅಂತ ಹೆರಿಗೆ ಡಾಕ್ಟರಲ್ಲಿ ಕಷಾಯದ ವಿಷಯ ಬಾಯಿ ಬಿಡದವರು ನಮ್ಮಲ್ಲಿ ಎಷ್ಟು ಮಂದಿ ಬೇಕು! ನನ್ನ ಡಾಕ್ಟರು ಬೈಯಲಿಲ್ಲ, ಫೈಲಿನಲ್ಲಿ ಬರೆದುಕೊಂಡರು ಅಷ್ಟೇ.

ಇನ್ನು ಬಾಣಂತನ. ಇಲ್ಲಿ ಅಂಗಡಿಗೆ ಪೂರ್ತಿ ಮಾರ್ಕು ಕೊಡುತ್ತೇನೆ. ಈಗ ಎಲ್ಲ ಕಡೆ ‘ಪ್ರಸವ ರಕ್ಷಾ ಕಿಟ್’ ಅಂತ ರಟ್ಟಿನ ಪೆಟ್ಟಿಗೆ ಬರುತ್ತೆ, ತೈಲ, ಕಷಾಯ, ಅರಿಷ್ಟ, ಲೇಹ್ಯ, ಪುಡಿ, ಎಲ್ಲ ಒಟ್ಟಿಗೆ, ನೋಡಲು ಚಂದ, ರೇಟು ಮೂರ್ನಾಲ್ಕು ಸಾವಿರದ ಮೇಲೆ. ಮಾಮ್ ಅಂಗಡಿಯಲ್ಲೂ ಇದೆ, ಆದರೆ ಅವರು ಮೊದಲು ಕೇಳುವುದು “ಸಿಸೇರಿಯನ್ನಾ, ನಾರ್ಮಲ್ಲಾ?” ಮತ್ತೆ “ಶುಗರ್ ಇತ್ತಾ?” ಬಸುರಿನಲ್ಲಿ ಶುಗರ್ ಇದ್ದವರಿಗೆ ಲೇಹ್ಯ ಕೊಡುವುದಿಲ್ಲ, ಅರ್ಧ ಡಬ್ಬಿ ಬೆಲ್ಲವೇ ಇರುತ್ತಲ್ಲ. ಸಿಸೇರಿಯನ್ ಆದವರಿಗೆ ಹೊಲಿಗೆ ಒಣಗಿ ಡಾಕ್ಟರು ಹೂಂ ಅನ್ನುವ ತನಕ ಹೊಟ್ಟೆಗೆ ಎಣ್ಣೆ ತಿಕ್ಕುವುದು, ಬಿಸಿನೀರು ಬೀಸಿ ಹೊಡೆಯುವುದು ಎಲ್ಲ ಬೇಡ ಅಂತ ಮನೆಯ ಅಜ್ಜಿಯಂದಿರಿಗೂ ಹೇಳಿ ಕಳಿಸುತ್ತಾರೆ. ನನ್ನದು ಸಿಸೇರಿಯನ್. ಕೈಕಾಲು, ಬೆನ್ನಿಗೆ ಮಾತ್ರ ಎಣ್ಣೆ ಹಾಕಿಸಿಕೊಂಡೆ.

ಕಿಟ್ ಬಿಟ್ಟು ಬಿಡಿಯಾಗಿ ತೆಗೆದುಕೊಂಡರೆ ಅರ್ಧ ದುಡ್ಡಿನಲ್ಲಿ ಮುಗಿಯುತ್ತೆ. ನಾನು ತೆಗೆದುಕೊಂಡದ್ದು ಧಾನ್ವಂತರಂ ತೈಲ ಮತ್ತು ಸ್ನಾನದ ನೀರಿಗೆ ನಾಲ್ಪಾಮರ. ತೈಲ ಕೊಟ್ಟಕ್ಕಲ್ ಆರ್ಯ ವೈದ್ಯಶಾಲೆಯದ್ದೂ ಉಂಟು, ತ್ರಿಶ್ಶೂರಿನ ‘ಔಷಧಿ’ ಅನ್ನುವ ಸರಕಾರಿ ಕಂಪೆನಿಯದ್ದೂ ಉಂಟು, ನಾನು ಎರಡನೆಯದನ್ನು ತೆಗೆದುಕೊಂಡೆ, ಡಿಸ್ಪೆನ್ಸರಿಯಲ್ಲಿ ಕೊಡುವುದೂ ಅದನ್ನೇ. ಇನ್ನೂ ದಪ್ಪ ಬೇಕಾದರೆ ಕುಳಂಬು ಅಂತ ಬರುತ್ತೆ, ಅದರಲ್ಲಿ ಹರಳೆಣ್ಣೆ, ತುಪ್ಪ ಸೇರಿರುತ್ತೆ, ಬಚ್ಚಲಲ್ಲಿ ಜಾರುತ್ತೆ, ಹುಷಾರು. ನಾಲ್ಪಾಮರ ಅಂದರೆ ಅತ್ತಿ, ಇತ್ತಿ, ಅರಳಿ, ಆಲ ನಾಲ್ಕರ ತೊಗಟೆ. ಹಂಡೆಯಲ್ಲಿ ಹಾಕಿ ಕುದಿಸಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತೆ, ಮೈಗೆ ಹಾಕಿಕೊಂಡರೆ ಒಂದು ಥರ ಹಗುರ. ರೋಗ ಗುಣವಾಗುತ್ತೆ ಅಂತ ನಾನು ಹೇಳುವುದಿಲ್ಲ. ಹೆತ್ತ ಮೈಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವವರು ಒಬ್ಬರಿದ್ದಾರೆ ಅನ್ನುವುದೇ ದೊಡ್ಡ ಸುಖ, ಅದಕ್ಕೆ ದುಡ್ಡು ಕೊಡಬಹುದು. ಬಾಣಂತಿ ನೀರು ಕುಡಿಯಬಾರದು ಅನ್ನುವ ಪದ್ಧತಿ ಮಾತ್ರ ನಾನು ನಡೆಸಲಿಲ್ಲ, ಹಾಲುಣಿಸುವವಳಿಗೆ ಬಾಯಾರಿಕೆ ಎಷ್ಟಿರುತ್ತೆ ಅಂತ ಉಣಿಸಿದವರಿಗೇ ಗೊತ್ತು.

ಅರಿಷ್ಟವನ್ನು ನಾನು ಹೆತ್ತ ಮೇಲೂ ತೆಗೆದುಕೊಳ್ಳಲಿಲ್ಲ, ಹಾಲುಣಿಸುವಾಗಲೂ ಅದೇ ಆಲ್ಕೋಹಾಲ್ ಅಲ್ವಾ. ಬೇಕಾದವರು ಆಯುರ್ವೇದ ಡಾಕ್ಟರಲ್ಲಿ ಕೇಳಿ, ದಶಮೂಲ ಕಷಾಯ ಬೇರೆಯಾಗಿಯೇ ಸಿಗುತ್ತೆ.

ಮಗುವಿಗೆ ತೇಯುವ ಮದ್ದಿನ ಕಟ್ಟು ಒಂದು ಇಲ್ಲಿ ಸಿಗುತ್ತೆ. ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ ಎಲ್ಲ ದಾರದಲ್ಲಿ ಪೋಣಿಸಿ, ನೋಡಲು ಬಹಳ ಮುದ್ದಾಗಿದೆ. ಅತ್ತೆ ಕೊಂಡರು. ನಾನು ಶೋಕೇಸಿನಲ್ಲಿ ಇಟ್ಟೆ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಒಂದು ತೊಟ್ಟೂ ಬೇಡ ಅಂತ ಮಕ್ಕಳ ಡಾಕ್ಟರು ಹೇಳಿದ್ದಾರೆ, ಜೇನಾದರೆ ಒಂದು ವರ್ಷದ ತನಕ ಮುಟ್ಟಿಸಲೇಬಾರದು, ಬೊಟ್ಯುಲಿಸಂ ಅಂತ ಕಾಯಿಲೆ ಬರುವ ಭಯ ಇರುತ್ತೆ. ಅತ್ತೆಗೆ ಸ್ವಲ್ಪ ಬೇಜಾರಾಯ್ತು. ಈಗ ಬಂದವರಿಗೆಲ್ಲ ಅದನ್ನು ತೋರಿಸಿ ಯಾವುದು ಯಾವುದಕ್ಕೆ ಅಂತ ವಿವರಿಸುತ್ತಾರೆ, ಹಾಗಾಗಿ ದುಡ್ಡು ದಂಡ ಆಗಲಿಲ್ಲ.

ಹೋಗುವವರಿಗೆ ಇನ್ನು ಕೆಲವು ವಿಷಯ. ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ ಒಳಗೆ ಹೋಗಿ, ಮಾಮ್ ಖಂಡಿತ ಇರುತ್ತಾರೆ. ಕೂರಲು ಒಂದು ಸ್ಟೂಲ್ ಮಾತ್ರ ಉಂಟು, ಬಸುರಿ ಬಂದರೆ ಯಾರು ಕೂತಿದ್ದರೂ ಎಬ್ಬಿಸಿ ಕೊಡುತ್ತಾರೆ. ಕಾರು ನಿಲ್ಲಿಸಲು ಜಾಗ ಇಲ್ಲ, ಆಟೋದಲ್ಲಿ ಹೋಗುವುದು ಒಳ್ಳೆಯದು. ಗೂಗಲ್ ಪೇ ನಡೆಯುತ್ತೆ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ, ಬಾಟಲಿಯ ಬ್ಯಾಚ್ ನಂಬರ್ ಅದರಲ್ಲೇ ಬರೆಸಿಕೊಳ್ಳಿ. ನಾಲ್ಪಾಮರದ ತೊಗಟೆ ಮಳೆಗಾಲದಲ್ಲಿ ಒಣಗಿದ್ದು ಸಿಗುವುದು ಕಷ್ಟ, ಜೂನ್ ಜುಲೈಯಲ್ಲಿ ದಿನ ಇರುವವರು ಮೇ ತಿಂಗಳಲ್ಲೇ ಹೇಳಿ ತೆಗೆದಿಡಿಸಿ, ಹೆಸರು ಬರೆದ ಗೋಣಿಚೀಲದಲ್ಲಿ ಅಟ್ಟದ ಮೇಲೆ ಇಟ್ಟುಕೊಳ್ಳುತ್ತಾರೆ, ಅಡ್ವಾನ್ಸ್ ಕೇಳುವುದಿಲ್ಲ.